ದೀಪಾವಳಿಗೆ ಅರಳದ ಸೇವಂತಿಗೆ

ನಮ್ಮನೆ ಅಂಗಳದ ಹೂವಿನ ಗಿಡಗಳಿಗೆ ಇಬ್ಬರೂ ವಾರಸುದಾರರು. ಆದರೆ ನಡುವೆ ಗಡಿ ಇದೆ. ಬಾವಿಕಟ್ಟೆಯಿಂದ ಬೇಲಿಯವರೆಗೆ ಡೇರೆ ಹೂವು, ಅದು ನಮ್ಮನೆಯವರದ್ದು. ತುಳಸಿಕಟ್ಟೆಯಿಂದ ಬಚ್ಚಲುಮನೆ ಗೋಡೆಯವರೆಗೆ ಸೇವಂತಿಗೆ, ಅಬ್ಬಲಿಗೆ, ಅದು ನನ್ನದು. ಹೂವು ಗಿಡದಲ್ಲೇ ಚಂದ ಅನ್ನೋದು ಅವರ ವಾದ. ದೇವರಿಗಿಲ್ಲ, ಮುಡಿಗಿಲ್ಲ ಅಂದ್ರೆ ಬೆಳೆಸಿದ್ದು ಯಾಕೆ ಅನ್ನೋದು ನನ್ನದು. ಮದುವೆಯಾಗಿ ಮೂವತ್ತು ವರ್ಷವಾದರೂ ಈ ವ್ಯಾಜ್ಯ ತೀರಿಲ್ಲ.

ಸಾಗರ, ಸಿರಸಿ ಕಡೆಯವರಿಗೆ ಡೇರೆ ಹುಚ್ಚು ಎಂಥದ್ದು ಅಂತ ಹೇಳಬೇಕಾಗಿಲ್ಲ. ಮದುವೆಗೆ ಹೋದವರು ಊಟ ಮುಗಿಸಿ ಆ ಮನೆಯ ಹಿತ್ತಲು ಸುತ್ತಿ, ಒಂದು ಗೆಡ್ಡೆಯನ್ನು ಕಾಗದದಲ್ಲಿ ಸುತ್ತಿಕೊಂಡೇ ಬರುವುದು. ಪುಸ್ತಕದಲ್ಲಿ ಇದಕ್ಕೆ ಡೇಲಿಯಾ ಅಂತ ಹೆಸರು. ಸ್ವೀಡನ್ನಿನ ಡಾಲ್ ಎಂಬ ಸಸ್ಯವಿಜ್ಞಾನಿಯ ನೆನಪಿಗೆ ಇಟ್ಟ ಹೆಸರಂತೆ. ಹುಟ್ಟೂರು ಮೆಕ್ಸಿಕೊ. 1963ರಿಂದ ಅದು ಆ ದೇಶದ ರಾಷ್ಟ್ರೀಯ ಹೂವು. ನಮ್ಮ ಮಳೆ ಅದಕ್ಕೆ ಹೇಗೆ ಹಿಡಿಸಿತೋ, ನಮ್ಮ ಬಾಯಲ್ಲಿ ಅದು ಡೇರೆಯಾಗಿ ಇಲ್ಲೇ ನಿಂತುಬಿಟ್ಟಿತು.

ಡೇರೆ ಅಂದರೆ ವರ್ಷವಿಡೀ ಕೆಲಸ. ಗಿಡ ಒಣಗಿದ ಮೇಲೆ ಡಿಸೆಂಬರಿನಲ್ಲಿ ಗೆಡ್ಡೆ ಕೀಳಬೇಕು. ಕುತ್ತಿಗೆ ಮುರಿದರೆ ಮುಗೀತು, ಗೆಡ್ಡೆ ಎಷ್ಟು ದಪ್ಪ ಇದ್ದರೂ ಮೊಳೆಯುವುದಿಲ್ಲ. ಬೂದಿ ಬೆರೆಸಿದ ಒಣ ಮಣ್ಣಿನಲ್ಲಿ ಹೂತು ಅಟ್ಟಕ್ಕೇರಿಸಬೇಕು. ಮೇ ತಿಂಗಳಲ್ಲಿ ಎರಡು ಅಡ್ಡಮಳೆ ಬಿದ್ದರೆ ಸಾಕು, ಕತ್ತಲಲ್ಲಿ ಕೂತ ಗೆಡ್ಡೆ ಹಕ್ಕಿಯ ಕೊಕ್ಕಿನಂಥ ಕೆಂಪು ಮೊಳಕೆ ಚಾಚುತ್ತದೆ. ಮೃಗಶಿರಾ ಮಳೆ ಹಿಡಿಯುವ ಮೊದಲೇ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ನೆಡುವುದು, ಆಮೇಲೆ ಅಡಿಕೆ ದಬ್ಬೆ ಊರಿ ಕಟ್ಟುವುದು. ಜುಲೈ ಮಳೆಯಲ್ಲಿ ನಮ್ಮನೆಯವರು ರಾತ್ರಿ ಊಟವಾದ ಮೇಲೆ ಪಂಚೆ ಎತ್ತಿಕಟ್ಟಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು ಹೊರಡುತ್ತಾರೆ. ಬಸವನಹುಳು ಆರಿಸಿ ಉಪ್ಪುನೀರಿನ ಡಬ್ಬಕ್ಕೆ ಹಾಕಲಿಕ್ಕೆ. ಪೇಟೆಯಿಂದ ಒಂದು ಕಟ್ಟು ಕೊತ್ತಂಬರಿ ತರಲು ನೆನಪಿರದ ಮನುಷ್ಯ ಇವರು.

2021ರ ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೇಲಿ ಬದಿಯ ಹನ್ನೊಂದು ಚೀಲ ಅಡ್ಡ ಬಿದ್ದಿದ್ದವು. ಗೆಡ್ಡೆ ಇಲ್ಲ, ಬರೀ ಚಿಗುರು ಬಿದ್ದಿತ್ತು. ಪಕ್ಕದಲ್ಲಿ ಕಪ್ಪು ಬಿಳಿ ಪಟ್ಟೆಯ ಒಂದು ಮುಳ್ಳು. ಮುಳ್ಳುಹಂದಿ! ಅವರು ಆವತ್ತು ತಿಂಡಿಯನ್ನೂ ಸರಿಯಾಗಿ ತಿನ್ನಲಿಲ್ಲ. ಸಂಜೆಯೊಳಗೆ ಬಾವಿಯ ಕಂಬಕ್ಕೆ ದೊಡ್ಡದೊಂದು ಎಲ್‌ಇಡಿ ಲೈಟ್ ಬಂತು. ರಾತ್ರಿಯಿಡೀ ಅಂಗಳ ಯಕ್ಷಗಾನದ ರಂಗಸ್ಥಳದ ಹಾಗೆ. ಚೌತಿಗೆ ಉಳಿದ ಡೇರೆಗಳು ತಟ್ಟೆಯಗಲ ಅರಳಿದವು. ಲೈಟ್ ಗೆದ್ದಿತು ಅಂದುಕೊಂಡೆವು.

ನನ್ನ ಸೇವಂತಿಗೆಯೂ ಆ ವರ್ಷ ಪೊಗದಸ್ತಾಗಿತ್ತು. ಸೊಂಟದೆತ್ತರ, ಕಡುಹಸಿರು ಎಲೆ. ಆದರೆ ನವರಾತ್ರಿ ಕಳೆದರೂ ಮೊಗ್ಗಿಲ್ಲ. ಭೂಮಿ ಹುಣ್ಣಿಮೆಗೂ ಇಲ್ಲ.

"ಸಗಣಿ ನೀರು ಹೊಯ್ದು ಹೊಯ್ದು ಗಿಡಕ್ಕೆ ಸೊಕ್ಕು ಬಂದಿದೆ ಮಾರಾಯ್ತಿ," ಅಂದರು.

"ಸೊಕ್ಕು ಬಂದಿದ್ದು ಗಿಡಕ್ಕಲ್ಲ. ತುದಿ ಚಿವುಟಿ ಕೊಡ್ತೇನೆ ಅಂತ ನೀವು ಕೈ ಹಾಕಿದ್ರಲ್ಲ, ಅದೇ ಜಾಸ್ತಿ ಆಗಿದ್ದು," ಅಂದೆ.

ದೀಪಾವಳಿಗೆ ಪೇಟೆಯಿಂದ ಮಾರು ಲೆಕ್ಕದಲ್ಲಿ ಸೇವಂತಿಗೆ ತಂದೆವು. ಹಬ್ಬದ ರೇಟು, ಕೇಳಬೇಡಿ. ಮನೆ ತುಂಬ ಗಿಡ ಇಟ್ಟುಕೊಂಡು ಗೋಪೂಜೆಗೆ ಕೊಂಡ ಹೂವು ಹಾಕುವಾಗ ದನದ ಮುಖ ನೋಡಲಿಕ್ಕೂ ನಾಚಿಕೆ.

ಬೆಂಗಳೂರಿನಿಂದ ತಂಗಿಯ ಮಗ ಬಂದಿದ್ದ. ಹಬ್ಬದ ರಾತ್ರಿ ಅಂಗಳದಲ್ಲಿ ಕೂತವನು ಸುಮ್ನೆ ಅಂದ: "ದೊಡ್ಡಮ್ಮ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಸೇವಂತಿಗೆ ಹೊಲದಲ್ಲಿ ಹೀಗೇ ಸಾಲಾಗಿ ಬಲ್ಬ್ ಉರೀತಿರ್ತದೆ. ಹೂವು ಬೇಗ ಬರಬಾರದು ಅಂತ ಹಾಕ್ತಾರಂತೆ."

ನಾನು ನಮ್ಮನೆಯವರ ಮುಖ ನೋಡಿದೆ. ಅವರು ಬಾವಿಯ ಕಂಬ ನೋಡಿದರು.

ಸೇವಂತಿಗೆ ರಾತ್ರಿಯನ್ನು ಅಳೆಯುವ ಗಿಡ. ಹಗಲು ಕುಗ್ಗಿ ಕತ್ತಲೆ ಉದ್ದವಾದಾಗ ಮಾತ್ರ ಮೊಗ್ಗು ಕಟ್ಟುತ್ತದೆ. ನಡುವೆ ಬೆಳಕು ಬಿದ್ದರೆ ಅದಕ್ಕೆ ಇನ್ನೂ ಬೇಸಿಗೆಯ ಹಗಲೇ. ಆವಾಗಲೇ ಎದ್ದು ಹೋಗಿ ಬಚ್ಚಲುಮನೆ ಹಿಂದೆ ನೋಡಿದೆ. ಅಲ್ಲಿ ಗೋಡೆಯ ನೆರಳಿನಲ್ಲಿ ಒಂದು ಬಡಕಲು ಬುಡ ಇತ್ತು. ಸಗಣಿ ನೀರು ಕಂಡದ್ದಲ್ಲ. ಅದರ ತುಂಬ ಹಳದಿ ಹೂವು!

ಆ ರಾತ್ರಿಯೇ ಲೈಟ್ ಆರಿತು. ತಪ್ಪಾಯ್ತು ಅಂತ ಅವರೇನೂ ಹೇಳಲಿಲ್ಲ. ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದರು, ಅಷ್ಟೇ. ಡಿಸೆಂಬರ್ ಮೊದಲ ವಾರ ಕಾಳುಮೆಣಸಿನಷ್ಟು ಮೊಗ್ಗು ಕಂಡವು. ಸಂಕ್ರಾಂತಿ ಹೊತ್ತಿಗೆ ಗಿಡ ಬಾಗುವಷ್ಟು ಹೂವು. ಮುಟ್ಟಿದರೆ ಸಾಕು, ಆ ಕಹಿ ಕಹಿ ಘಮ ಬೆರಳಿಗೆ ಹತ್ತುತ್ತಿತ್ತು. ಆದರೆ ಅಷ್ಟನ್ನು ಏನು ಮಾಡೋದು? ಕೊಯ್ಲಿನ ಕಾಲ, ರಾತ್ರಿ ಚಪ್ಪರದಡಿ ಅಡಿಕೆ ಸುಲಿಯಲು ಏಳೆಂಟು ಹೆಂಗಸರು ಬರುತ್ತಿದ್ದರು. "ಅವರಿಗಾದರೂ ಕೊಯ್ದು ಕೊಡೇ, ಮುಡ್ಕೊಳ್ಳಲಿ," ಅಂದರು, ಹೂವು ಗಿಡದಲ್ಲೇ ಚಂದ ಅನ್ನುವ ಈ ಮನುಷ್ಯ. ನಾನು ನಮ್ಮನೆಯವರಿಗೇ ಬುಟ್ಟಿ ಕೊಟ್ಟು ಕಳಿಸಿದೆ. ಒಂದೊಂದೇ ಹೂವನ್ನು ತಿರುಗಿಸಿ ನೋಡಿ, ಅಳೆದು ಸುರಿದು, ಅರ್ಧ ಬುಟ್ಟಿ ತಂದರು.

ಮರುವರ್ಷ ಲೈಟ್ ಮತ್ತೆ ಹಾಕಿದೆವು. ಆದರೆ ಅದರ ತಲೆಗೆ ಈಗ ಅಡಿಕೆ ಹಾಳೆಯ ಟೋಪಿ ಇದೆ. ಬೆಳಕು ಡೇರೆ ಕಡೆ, ಕತ್ತಲೆ ನನ್ನ ಕಡೆ. ಹಾಳೆ ಕತ್ತರಿಸಿ ಹೊಲಿದು ಕಟ್ಟಿದ್ದು ಅವರೇ. ಮೊನ್ನೆ ಬೆಳಿಗ್ಗೆ ಹಾಲು ಕರೆಯಲು ಹೊರಟವಳು ನೋಡಿದೆ, ಸರಿಯಾಗಿ ಆ ಲೈಟಿನ ಕೆಳಗೇ ಒಂದು ಪಟ್ಟೆ ಮುಳ್ಳು ಬಿದ್ದಿತ್ತು. ಇನ್ನೂ ಅವರಿಗೆ ಹೇಳಿಲ್ಲ.