ತಿರುಗುಬಾಣ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆಯ ಉದ್ಯಾನ ಎಷ್ಟು ಮಳೆನೀರು ಕುಡಿಯುತ್ತದೆ ಎಂಬ ಲೆಕ್ಕವನ್ನು ಹದಿನೆಂಟು ಸ್ಲೈಡುಗಳಲ್ಲಿ ಜೋಡಿಸಿಕೊಂಡು ವಾರ್ಡ್ ಕಚೇರಿಯ ಸಭಾಂಗಣದಲ್ಲಿ ವಿವರಿಸುತ್ತಿದ್ದಾಗ, ಹನ್ನೊಂದನೆಯ ಸ್ಲೈಡಿನ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಮೇಡಂ, ಬಾಣ ಉಲ್ಟಾ ಹಾಕಿದೀರಲ್ಲಾ?"

ಕೇಳಿದವರು ಆ ಉದ್ಯಾನದ ಮಾಲಿ. ರಸ್ತೆಯ ನೀರು ಉದ್ಯಾನದೊಳಕ್ಕೆ ಹರಿದು ಇಂಗುವುದನ್ನು ತೋರಿಸುವ ಏಳು ನೀಲಿ ಬಾಣಗಳು ಪರದೆಯ ಮೇಲಿದ್ದವು. ಆ ಬಾಣಗಳ ದಪ್ಪವನ್ನು ನೀರಿನ ಪ್ರಮಾಣಕ್ಕೆ ತಕ್ಕಂತೆ ಹೊಂದಿಸುವುದರಲ್ಲಿ ನಾನು ಹಿಂದಿನ ರಾತ್ರಿ ಎರಡು ಗಂಟೆ ಕಳೆದಿದ್ದೆ.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆಯ ಬಡಾವಣೆಗಳಲ್ಲಿ ಜನರು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಮನೆಯಿಂದ ಹೊರಬಂದ ಮೇಲೆ, ಸಂಶೋಧನೆಗೆ ಹಣ ಕೊಡುವವರ ಪ್ರಾಜೆಕ್ಟ್ ಪ್ರಕಟಣೆಗಳಲ್ಲೆಲ್ಲ 'ಹಸಿರು ಮೂಲಸೌಕರ್ಯ' (ಮಳೆನೀರನ್ನು ಗಿಡ, ಮಣ್ಣುಗಳಿಂದಲೇ ನಿಭಾಯಿಸುವ ವ್ಯವಸ್ಥೆ) ಎಂಬ ಪದ ಕಾಣಿಸಿಕೊಳ್ಳತೊಡಗಿತು. ನಮ್ಮದು ದಿಬ್ಬದ ಮೇಲೆ ಕೂತ ಊರು. ಬಿದ್ದ ಮಳೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಿಗೆ ಇಳಿಯುತ್ತದೆ. ಅದು ರಾಜಕಾಲುವೆಗೆ ಸೇರುವ ಮೊದಲೇ ಅಲ್ಲಲ್ಲಿನ ಉದ್ಯಾನಗಳಲ್ಲಿ ಒಂದಿಷ್ಟನ್ನು ತಡೆದು ಇಂಗಿಸಬಹುದೇ ಎಂಬುದು ನನ್ನ ಪ್ರಶ್ನೆಯಾಗಿತ್ತು, ಮತ್ತು ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಜೂನ್‌ನಲ್ಲಿ ಮಂಜೂರಾದ ಹಣ ಜನವರಿಯಲ್ಲಿ ಕೈಸೇರಿತು. ಮಾರ್ಚ್ 31ರೊಳಗೆ ಖರ್ಚು ಮಾಡಿ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಕಳುಹಿಸಬೇಕೆಂಬ ಪತ್ರ ಅದರ ಬೆನ್ನಿಗೇ ಬಂತು. ಹೀಗಾಗಿ ಮಳೆಯನ್ನು ಕುರಿತ ಫೀಲ್ಡ್‌ವರ್ಕನ್ನು ಒಂದು ಹನಿ ಮಳೆಯಿಲ್ಲದ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಮುಗಿಸಿದೆವು. ಇದು ನನ್ನೊಬ್ಬಳ ದುರದೃಷ್ಟವಲ್ಲ. ಪ್ರಾಜೆಕ್ಟ್ ನಡೆಸಿದ ಯಾರನ್ನು ಕೇಳಿದರೂ ಇದೇ ಪಂಚಾಂಗ ಹೇಳುತ್ತಾರೆ.

ಆದರೆ ಮುಂದಿನದಕ್ಕೆ ಹಣ ಕೊಟ್ಟವರನ್ನು ದೂರುವಂತಿಲ್ಲ. ಇಂಗುವಿಕೆಯನ್ನು ಅಳೆಯಲು ನಾವು ಒಯ್ದಿದ್ದು ಡಬಲ್ ರಿಂಗ್: ಒಳಗಿನದು 30 ಸೆಂ.ಮೀ., ಹೊರಗಿನದು 60 ಸೆಂ.ಮೀ. ವ್ಯಾಸದ ಎರಡು ಉಕ್ಕಿನ ಬಳೆಗಳು. ಅವನ್ನು ನೆಲಕ್ಕೆ ಹೊಡೆದು ಕೂರಿಸಿ, ನೀರು ತುಂಬಿಸಿ, ಒಳಬಳೆಯ ನೀರು ಎಷ್ಟು ಹೊತ್ತಿಗೆ ಎಷ್ಟು ಇಳಿಯಿತೆಂದು ಬರೆದುಕೊಳ್ಳಬೇಕು. ಹುಲ್ಲುಹಾಸಿನ ಮೇಲೆ ನಮ್ಮ ಜೆಆರ್‌ಎಫ್ (ಕಿರಿಯ ಸಂಶೋಧಕ) ಹುಡುಗ ಬಳೆಯ ಮೇಲೆ ಹಲಗೆಯಿಟ್ಟು ಸುತ್ತಿಗೆಯಿಂದ ಹೊಡೆದ; ಹಲಗೆ ಸೀಳಿತೇ ಹೊರತು ಬಳೆ ಒಂದು ಅಂಗುಲವೂ ಇಳಿಯಲಿಲ್ಲ. "ಮೇಡಂ, ಆ ಹೊಂಗೆ ಮರದ ಬುಡದಲ್ಲಿ ಮಣ್ಣು ಮೆತ್ತಗಿದೆ" ಎಂದ. ಬಿಸಿಲು ಏರುತ್ತಿತ್ತು, ಮಧ್ಯಾಹ್ನ ಎರಡಕ್ಕೆ ನನಗೆ ಎಂಎಸ್ಸಿ ಕ್ಲಾಸ್ ಇತ್ತು. ಸರಿ, ಅಲ್ಲೇ ಹಾಕು ಎಂದೆ. ಮಾಲಿ ವಾರದ ಹಿಂದಷ್ಟೇ ಅಗೆದು ಪಾತಿ ಮಾಡಿದ್ದ ಆ ಮಣ್ಣು, ನಾವು ಸುರಿದ ನೀರನ್ನು ಕೊಡ ಕೊಡವಾಗಿ ಕುಡಿಯಿತು. ಮೂರು ಜಾಗಗಳಲ್ಲಿ ಅಳೆದೆವು. ಮೂರೂ ಮರದ ಬುಡಗಳೇ.

ಆ ಅಳತೆಗಳ ಬಲದ ಮೇಲೆ ಮಾಡೆಲ್‌ನಲ್ಲಿ ಇಡೀ ಉದ್ಯಾನಕ್ಕೆ 61 ಎಂಬ ಕರ್ವ್ ನಂಬರ್ (ಹೆಚ್ಚಿದಷ್ಟೂ ಇಂಗದೆ ಹರಿದುಹೋಗುವ ನೀರು ಹೆಚ್ಚು ಎನ್ನುವ ಸಂಖ್ಯೆ) ಕೊಟ್ಟೆ. ಮಧ್ಯಮ ಪ್ರಮಾಣದಲ್ಲಿ ನೀರು ಇಂಗುವ ಮಣ್ಣಿನ ಮೇಲೆ ಹುಲ್ಲು ಚೆನ್ನಾಗಿ ಹಬ್ಬಿದ್ದರೆ ಪಠ್ಯಪುಸ್ತಕದ ಕೋಷ್ಟಕ ಕೊಡುವ ಸಂಖ್ಯೆ ಅದು. ಎತ್ತರದ ಮಾಹಿತಿಗೆ ಉಪಗ್ರಹದ ಡಿಇಎಂ (ನೆಲದ ಎತ್ತರದ ಡಿಜಿಟಲ್ ನಕ್ಷೆ) ಬಳಸಿದೆ. ಅದರ ಒಂದೊಂದು ಚೌಕ 30 ಮೀಟರ್ ಅಗಲ. ಉದ್ಯಾನವೇ ಅದರಲ್ಲಿ ಹತ್ತಿಪ್ಪತ್ತು ಚುಕ್ಕಿಗಳಾಗಿ ಮುಗಿದುಹೋಗುತ್ತದೆ. ಚುಕ್ಕಿಗಳು ಇಳಿಜಾರು ಉದ್ಯಾನದ ಕಡೆಗಿದೆ ಎಂದವು, ಬಾಣಗಳನ್ನು ಆ ಕಡೆಗೆ ಬಿಡಿಸಿದೆ. ಜಲಕಳೆ ತುಂಬಿದ ಕೆರೆಯನ್ನು ಎನ್‌ಡಿವಿಐ ನಕ್ಷೆಯಲ್ಲಿ (ಉಪಗ್ರಹ ಚಿತ್ರದಿಂದ ಹಸಿರನ್ನು ಅಳೆಯುವ ನಕ್ಷೆ) ದಟ್ಟ ಮರಗಳೆಂದು ಗುರುತಿಸಿದ ವಿದ್ಯಾರ್ಥಿಯೊಬ್ಬನ ಕಥೆಯನ್ನು ಪ್ರತಿವರ್ಷ ಕ್ಲಾಸಿನಲ್ಲಿ ಹೇಳಿ ನಗಿಸುತ್ತಿದ್ದವಳು ನಾನೇ.

ಮತ್ತೆ ಸಭಾಂಗಣಕ್ಕೆ ಬರುತ್ತೇನೆ. ಮಾಲಿಯ ಪ್ರಶ್ನೆಗೆ "ಯಾಕೆ ಹಾಗಂತೀರಿ, ಸ್ವಲ್ಪ ಹೇಳಿ" ಎಂದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ: "ನೀವು ಒಂದು ಜಾಗ ನೋಡಿ ಹೇಳುತ್ತಿದ್ದೀರಿ, ನಾವು ಇಡೀ ಜಲಾನಯನ ಪ್ರದೇಶವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ." ದನಿಯಲ್ಲಿ ಸೌಜನ್ಯವಿತ್ತು, ಅದೇ ಈಗ ಹೆಚ್ಚು ಚುಚ್ಚುತ್ತದೆ. ಅವರು "ಆಯ್ತು ಮೇಡಂ" ಎಂದು ಕೂತರು. ನಾನು ಹನ್ನೆರಡನೆಯ ಸ್ಲೈಡಿಗೆ ಹೋದೆ. ಆಗ ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿದ್ದ ಹಿರಿಯ ಮಹಿಳೆ ಎದ್ದು ಬಂದು, ಏನೂ ಹೇಳದೆ, ತಮ್ಮ ಫೋನನ್ನು ವಾರ್ಡ್ ಎಂಜಿನಿಯರ್ ಅವರ ಮುಂದೆ ಹಿಡಿದರು. ಕಳೆದ ಮೇ ತಿಂಗಳ ಮಳೆಯ ವಿಡಿಯೊ ಅದು. ಉದ್ಯಾನದ ಗೇಟಿನ ಮೂರು ಮೆಟ್ಟಿಲುಗಳ ಮೇಲಿಂದ ಕೆಂಪು ನೀರು ದುಮುಕಿ ರಸ್ತೆಗೆ ಬರುತ್ತಿತ್ತು; ಒಂದು ಹವಾಯಿ ಚಪ್ಪಲಿ ಅದರೊಂದಿಗೆ ತೇಲಿಬಂದು ಚರಂಡಿಯ ಬಾಯಿಗೆ ಸಿಕ್ಕಿಕೊಂಡಿತು. ಫೋನು ಕೈಯಿಂದ ಕೈಗೆ ಹೋಗಿ, ಕೊನೆಗೆ ನನ್ನ ಬಳಿ ಬಂತು. ಪ್ರೊಜೆಕ್ಟರಿನ ಫ್ಯಾನಿನ ಸದ್ದು ಅಷ್ಟು ಜೋರಾಗಿದೆಯೆಂದು ನನಗೆ ಆಗಲೇ ಗೊತ್ತಾದದ್ದು.

"ಮೇಡಂ, ಈ ನಕ್ಷೆ ಡಿಪಿಆರ್‌ಗೆ ಸೇರಿಸೋದೋ, ಬೇಡವೋ?" ಎಂದು ಎಂಜಿನಿಯರ್ ಕೇಳಿದರು; ಡಿಪಿಆರ್ ಎಂದರೆ ಕಾಮಗಾರಿಯ ವಿವರವಾದ ಯೋಜನಾ ವರದಿ. ವ್ಯಂಗ್ಯವೇನೂ ಇರಲಿಲ್ಲ, ಅವರಿಗೆ ಕಡತ ಮುಗಿಯಬೇಕಿತ್ತು. ಬೇಡ ಎನ್ನಲು ನನಗೆ ಒಂದು ನಿಮಿಷವಾದರೂ ಹಿಡಿಯಿತು. ಅಷ್ಟರಲ್ಲಿ ಅನಿಶ್ಚಿತತೆ, ಕ್ಯಾಲಿಬ್ರೇಶನ್, ಪೂರ್ವಭಾವಿ ಫಲಿತಾಂಶ ಎಂಬ ಪದಗಳನ್ನೆಲ್ಲ ಬಳಸಿ ಮುಗಿಸಿದ್ದೆ.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಉದ್ಯಾನಕ್ಕೆ ಹೋದೆ. ಮಾಲಿ ಗಾರೆ ಕೆಲಸದವರು ಬಳಸುವ ಟ್ಯೂಬ್ ಲೆವೆಲ್ ತಂದಿದ್ದರು. ನೀರು ತುಂಬಿದ ಆ ಪಾರದರ್ಶಕ ಪೈಪಿನ ಒಂದು ತುದಿಯನ್ನು ಅವರು ಹುಲ್ಲಿನ ಮೇಲೂ ಇನ್ನೊಂದನ್ನು ನಾನು ರಸ್ತೆಯ ಮೇಲೂ ಹಿಡಿದು ನಿಂತೆವು. ಉದ್ಯಾನದ ನೆಲ ರಸ್ತೆಗಿಂತ ಒಂದೂವರೆ ಅಡಿ ಮೇಲಿತ್ತು. ಪಕ್ಕದ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಅಗೆದ ಮಣ್ಣನ್ನು ವರ್ಷಗಳ ಹಿಂದೆ ಇಲ್ಲಿಗೆ ತುಂಬಿ, ರೋಲರ್ ಓಡಿಸಿ, ಅದರ ಮೇಲೆ ಹುಲ್ಲು ಹಾಸಿದ್ದರಂತೆ. ಅದಾದ ಮೇಲೆ ಇಡೀ ಬಡಾವಣೆ ಆ ಹುಲ್ಲಿನ ಮೇಲೆ ಯೋಗ ಮಾಡಿದೆ, ಮಕ್ಕಳು ಕ್ರಿಕೆಟ್ ಆಡಿವೆ. ಸುತ್ತಲೂ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಗ್ರಿಲ್. ರಸ್ತೆಯ ನೀರು ಒಳಬರಲು ಗೇಟು ಬಿಟ್ಟರೆ ದಾರಿಯೇ ಇಲ್ಲ, ಮತ್ತು ಗೇಟಿಗೆ ಮೂರು ಮೆಟ್ಟಿಲು ಹತ್ತಬೇಕು. ಆ ಮೆಟ್ಟಿಲುಗಳನ್ನು ನಾನು ಬಳೆಗಳ ಚೀಲ ಹೊತ್ತು ಎಷ್ಟು ಬಾರಿ ಹತ್ತಿಳಿದಿದ್ದೆನೋ.

ಬಳೆ ಇಳಿಯದ ಹುಲ್ಲುಹಾಸು ಅಂದೇ ಉತ್ತರ ಹೇಳಿತ್ತು; ನಾನು ಅದನ್ನು ಉಪಕರಣದ ತೊಂದರೆ ಎಂದುಕೊಂಡು ಮೆತ್ತಗಿದ್ದ ಕಡೆಗೆ ಹೋದೆ. ಅದೇ ಕೋಷ್ಟಕದಲ್ಲಿ ನೀರು ತೀರಾ ನಿಧಾನವಾಗಿ ಇಂಗುವ ಮಣ್ಣಿನ ಮೇಲಿನ ಹುಲ್ಲಿಗೆ 80 ಎಂದಿದೆ. 60 ಮಿ.ಮೀ. ಮಳೆಗೆ 61ರ ಲೆಕ್ಕದಲ್ಲಿ ಹರಿದುಹೋಗುವುದು ಸುಮಾರು 4 ಮಿ.ಮೀ., 80ರ ಲೆಕ್ಕದಲ್ಲಿ ಸುಮಾರು 20 ಮಿ.ಮೀ. ಐದು ಪಟ್ಟು ವ್ಯತ್ಯಾಸ, ಅದೂ ಹೊರಗಿನ ಒಂದು ಹನಿಯೂ ಒಳಗೆ ಬಾರದಿದ್ದಾಗ. ಮೇಲಿನಿಂದ ನೋಡಿದರೆ ಎರಡೂ ಒಂದೇ ಹಸಿರು.

ಕಟ್ಟೆಯಲ್ಲಿ ನಾಲ್ಕು ಕಡೆ ಕಿಂಡಿ ಬಿಟ್ಟು, ಒಳಗೆ ರಸ್ತೆಗಿಂತ ತಗ್ಗಾದ ಪಾತಿಗಳನ್ನು ತೆಗೆಯಬೇಕೆಂದು ಹೊಸ ವರದಿಯಲ್ಲಿ ಬರೆದೆವು. ಕಟ್ಟೆ, ಗ್ರಿಲ್ ಎರಡೂ ಇನ್ನೂ ಡಿಎಲ್‌ಪಿಯಲ್ಲಿ (ದೋಷ ಕಂಡರೆ ಗುತ್ತಿಗೆದಾರರೇ ಸರಿಪಡಿಸಬೇಕಾದ ಅವಧಿ) ಇರುವುದರಿಂದ ಸದ್ಯಕ್ಕೆ ಮುಟ್ಟುವಂತಿಲ್ಲ ಎಂಬ ಉತ್ತರ ಬಂದಿದೆ. ಲೇಖನದಲ್ಲಿ ಮಾಲಿಯವರನ್ನು ಸಹಲೇಖಕರಾಗಿ ಸೇರಿಸಲು ಹೊರಟರೆ, ಸಂಸ್ಥೆ ಮತ್ತು ಇಮೇಲ್ ಎಂಬ ಎರಡು ಖಾನೆ ತುಂಬದೆ ಜರ್ನಲ್ಲಿನ ಪೋರ್ಟಲ್ ಮುಂದಕ್ಕೆ ಹೋಗುವುದಿಲ್ಲ. ಗುತ್ತಿಗೆಯ ಮೇಲಿರುವ ಅವರ ಸಂಸ್ಥೆ ಯಾವುದೆಂದು ಅವರಿಗೇ ಖಚಿತವಿಲ್ಲ. ಇದನ್ನು ಹೇಳಿದಾಗ ಅವರು ನಕ್ಕು, "ಹೆಸರೆಲ್ಲ ಬೇಡ ಮೇಡಂ, ನೀರು ಬಿಡೋ ಪೈಪು ಹರಿದೋಗಿದೆ, ಆದ್ರೆ ಒಂದು ಕೊಡಿಸಿ" ಎಂದರು.

30 ಮೀಟರ್ ಪೈಪನ್ನು ಪ್ರಾಜೆಕ್ಟಿನ ಕನ್ಸ್ಯೂಮಬಲ್ಸ್ (ಬಳಸಿ ಮುಗಿಯುವ ಸಾಮಗ್ರಿ) ಹೆಡ್‌ನಲ್ಲಿ ಕೊಂಡೆ. ಇಂಗುವಿಕೆಯ ಅಧ್ಯಯನಕ್ಕೆ ಹೂದೋಟದ ಪೈಪಿನ ಅಗತ್ಯವೇನಿತ್ತು ಎಂದು ಆಡಿಟ್‌ನವರು ಕೇಳಿದ್ದಾರೆ, ಮತ್ತು ಹದಿನೈದು ದಿನಗಳೊಳಗೆ ಸಮಜಾಯಿಷಿ ಕೊಡಬೇಕಾಗಿದೆ.