ಸಕಲೇಶಪುರದಿಂದ ಹತ್ತು ಮೀಟರ್

ಬೆಳಗ್ಗೆ ಐದೂವರೆಗೆ ಸಕಲೇಶಪುರದ ಬಸ್ ನಿಲ್ದಾಣದಲ್ಲಿ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನಾಲ್ಕಡಿ ಉದ್ದದ ಕಪ್ಪು ಪೆಟ್ಟಿಗೆ ಹಿಡಿದು ಬೆಂಗಳೂರಿನ ಬಸ್ ಹತ್ತಿದೆ. ಕಂಡಕ್ಟರ್ ಪೆಟ್ಟಿಗೆಯತ್ತ ಬೆರಳು ತೋರಿಸಿ, 'ಇದರಲ್ಲೇನಿದೆ?' ಎಂದು ಕೇಳಿದರು.

'ಕೋವಿ' ಎಂದೆ. ಸುಳ್ಳು ಹೊಳೆಯಲಿಲ್ಲ.

ತೂಕಡಿಸುತ್ತಿದ್ದ ನಾಲ್ಕೈದು ತಲೆಗಳು ಒಟ್ಟಿಗೆ ತಿರುಗಿದವು. ಇದು ಗಾಳಿ ಕೋವಿ, ಬೆಂಗಳೂರಿನಲ್ಲಿ ಶೂಟಿಂಗ್ ಇದೆ ಎಂದು ಬಿಡಿಸಿ ಹೇಳಿದೆ. ಕಿಟಕಿ ಪಕ್ಕದ ಅಜ್ಜರೊಬ್ಬರು 'ಯಾವ ಸಿನಿಮಾ?' ಎಂದರು. ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ಮೀರದ, ಹೊಡೆತದ ಶಕ್ತಿ 20 ಜೂಲ್ ದಾಟದ ಗಾಳಿ ಕೋವಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪರವಾನಗಿ ಬೇಕಿಲ್ಲ. ಆ ಪುಟದ ಮುದ್ರಿತ ಪ್ರತಿಯನ್ನು ಅಕ್ಕನ ಮಗಳು ಮೊದಲೇ ಕಳಿಸಿಕೊಟ್ಟಿದ್ದಳು. ಜೇಬಿನಿಂದ ತೆಗೆದು ತೋರಿಸಿದೆ. ಕಂಡಕ್ಟರ್ ಅದನ್ನು ಓದದೆ ಮಡಚಿ ವಾಪಸು ಕೊಟ್ಟರು. ಪೆಟ್ಟಿಗೆಯನ್ನು ಹಿಂದಿನ ಸೀಟಿನ ಕೆಳಗೆ, ಒಂದು ಒದ್ದೆ ಹಲಸಿನಹಣ್ಣಿನ ಚೀಲದ ಪಕ್ಕ ತಳ್ಳಿಸಿದರು. ಹಾಸನ ಬರುವವರೆಗೂ ಆಗಾಗ ಅದರ ಕಡೆಗೊಂದು ನೋಟ ಹರಿಸುತ್ತಲೇ ಇದ್ದರು.

ನಮ್ಮ ಕಡೆ ಕೋವಿ ಹೊಸತೇನಲ್ಲ. ಬೆಳೆ ಕಾಯಲೆಂದು ಅಪ್ಪನ ಕಾಲದಿಂದ ಒಂಟಿ ನಳಿಗೆಯ ತೋಟೆ ಕೋವಿಯೊಂದು ಮನೆಯಲ್ಲಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವುದು, ಮುಗಿದ ಮೇಲೆ ಹೋಗಿ ಬಿಡಿಸಿಕೊಳ್ಳುವುದು ನನ್ನ ಪಾಲಿನ ಪ್ರಜಾಪ್ರಭುತ್ವ. ಉಳಿದಂತೆ ಬಾಳೆಗೊನೆಗೆ ಕೈ ಹಾಕುವ ಮಂಗಗಳನ್ನು ಬೆದರಿಸಲು ಆಕಾಶಕ್ಕೊಂದು ಈಡು. ಆಕಾಶಕ್ಕೆ ಗುರಿ ತಪ್ಪುವ ಪ್ರಶ್ನೆಯೇ ಇಲ್ಲ. ಹೀಗಾಗಿ ಊರಿನಲ್ಲಿ ನನಗೆ ಒಳ್ಳೆಯ ಈಡುಗಾರ ಎಂಬ ಹೆಸರಿದೆ.

ಆ ಹೆಸರಿನ ಗಾಳಿ ತೆಗೆದವಳು ಅಕ್ಕನ ಮಗಳು. ಬೆಂಗಳೂರಿನಲ್ಲಿ ಓದುತ್ತ ಏರ್ ರೈಫಲ್ ಅಭ್ಯಾಸ ಮಾಡುವ ಹುಡುಗಿ. 'ಮಾವ, ಹತ್ತು ಮೀಟರಿನಲ್ಲಿ ಹೊಡೆದು ತೋರಿಸಿ' ಎಂದಳು. ಹತ್ತು ಮೀಟರ್! ನಮ್ಮ ಅಂಗಳದ ತುಳಸಿಕಟ್ಟೆಗೂ ಕೊಟ್ಟಿಗೆಗೂ ನಡುವೆ ಅದಕ್ಕಿಂತ ಹೆಚ್ಚು ದೂರವಿದೆ. ನಗುತ್ತ ಒಪ್ಪಿಕೊಂಡೆ. ಅವಳು ತನ್ನ ಕ್ಲಬ್ಬಿನ ಹಳೆಯ ರೈಫಲ್ ಒಂದನ್ನು ತಂದುಕೊಟ್ಟಳು. ಮಳೆಗಾಲವಾದ್ದರಿಂದ ಕಾಫಿ ಗೋದಾಮು ಖಾಲಿ ಇತ್ತು. ಟೇಪು ಹಿಡಿದು ಹತ್ತು ಮೀಟರ್ ಅಳೆದು, ಗೋಡೆಗೆ ಹಲಗೆ, ಹಲಗೆಗೆ ಕಾಗದದ ಗುರಿ ಅಂಟಿಸಿದೆವು. ಆ ಗುರಿಯ ಹೊರಸುತ್ತಿನ ವ್ಯಾಸ 45.5 ಮಿಲಿಮೀಟರ್. ನಡುವಿನ ಹತ್ತು ಅಂಕದ ಬೊಟ್ಟು ಅರ್ಧ ಮಿಲಿಮೀಟರ್. ರಾಗಿಕಾಳು ಅದರ ಮುಂದೆ ದೊಡ್ಡ ಮನುಷ್ಯ. ಮೊದಲ ದಿನ ನಾನು ಹಾರಿಸಿದ ಹತ್ತು ಗುಂಡುಗಳಲ್ಲಿ ಮೂರು ಕಾಗದವನ್ನೇ ಮುಟ್ಟಲಿಲ್ಲ. ಗೋದಾಮಿನ ಸುಣ್ಣದ ಗೋಡೆಯಲ್ಲಿ ಅವುಗಳ ಗುರುತು ಇನ್ನೂ ಇದೆ.

ಎರಡು ತಿಂಗಳು ಒದ್ದಾಡಿದ ಮೇಲೆ ಸ್ಪರ್ಧೆಗೆಂದು ಈ ಪ್ರಯಾಣ.

ಹಾಸನದವರೆಗೆ ಮಳೆ ಜೊತೆಗಿತ್ತು. ಚನ್ನರಾಯಪಟ್ಟಣದಲ್ಲಿ ಮೋಡ ಮಾತ್ರ ಉಳಿದವು. ಯಡಿಯೂರು ದಾಟುವ ಹೊತ್ತಿಗೆ ಸ್ವೆಟರ್ ಕಳಚಿದೆ. ನಮ್ಮೂರಿನ ಆಷಾಢ ಬೆಂಗಳೂರಿಗೆ ಬರುವಷ್ಟರಲ್ಲಿ ಬರೀ ತಂಗಾಳಿಯಾಗಿಬಿಡುತ್ತದೆ. ನೆಲಮಂಗಲದ ನಂತರ ಬಸ್ಸು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಾನು ಉಸಿರಾಟದ ಅಭ್ಯಾಸ ಮಾಡಿದೆ. ಅರ್ಧ ಉಸಿರು ಬಿಟ್ಟು, ಹಿಡಿದು, ಏಳೆಂಟು ಸೆಕೆಂಡಿನೊಳಗೆ ಗುಂಡು ಹಾರಿಸಬೇಕು. ಆಗದಿದ್ದರೆ ರೈಫಲ್ ಇಳಿಸಿ ಮತ್ತೆ ಮೊದಲಿನಿಂದ. ಪಕ್ಕದ ಸೀಟಿನವರು 'ವಾಂತಿ ಬರುತ್ತಿದೆಯೇ?' ಎಂದು ಕಿಟಕಿ ತೆರೆದುಕೊಟ್ಟರು.

ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೊ ಹಿಡಿಯೋಣವೆಂದುಕೊಂಡಿದ್ದೆ. ಫೋನಿನಲ್ಲಿ ಹುಡುಗಿ ನಕ್ಕಳು. 'ಸ್ಕ್ಯಾನರಿನಲ್ಲಿ ಆ ಪೆಟ್ಟಿಗೆ ಹಾಯಿಸಿದರೆ ಸ್ಪರ್ಧೆಯ ದಿನವನ್ನೂ ಅಲ್ಲೇ ಕಳೆಯಬೇಕಾಗುತ್ತದೆ ಮಾವ, ಆಟೊ ಮಾಡಿ.' ಆಟೊ ಚಾಲಕರು ಪೆಟ್ಟಿಗೆ ನೋಡಿ, 'ಕೀಬೋರ್ಡೇ ಸಾರ್? ಆರ್ಕೆಸ್ಟ್ರಾದವರೇ?' ಎಂದರು. ಆ ಉತ್ತರ ನನಗೆ ಮೊದಲೇ ಹೊಳೆಯಬಾರದಿತ್ತೇ.

ವಿಜಯನಗರದ ಅಕ್ಕನ ಮನೆಯಲ್ಲಿ ಅಕ್ಕಿರೊಟ್ಟಿ, ಕಳಲೆ ಪಲ್ಯ ಸಿದ್ಧವಿದ್ದವು. ಕಾಫಿ ಮಾತ್ರ ಇಲ್ಲ. ನಾಳೆ ಸ್ಪರ್ಧೆ ಮುಗಿಯುವವರೆಗೆ ಕಾಫಿ ಕೂಡದೆಂದು ಹುಡುಗಿ ಕಟ್ಟಪ್ಪಣೆ ಮಾಡಿದ್ದಳು. ನಾಡಿ ಏರಿದರೆ ನಳಿಗೆಯ ತುದಿ ಎದೆಬಡಿತಕ್ಕೆ ಸರಿಯಾಗಿ ಕುಣಿಯುತ್ತದೆ. ಗೋದಾಮಿನಲ್ಲಿ ಅದನ್ನು ನಾನೇ ಕಣ್ಣಾರೆ ಕಂಡಿದ್ದೆ. ಮೂರು ತಲೆಮಾರಿನಿಂದ ಕಾಫಿ ಬೆಳೆಯುವ ಮನೆಯವನು ಬೆಂಗಳೂರಿಗೆ ಬಂದು ರಾತ್ರಿ ಬಿಸಿನೀರು ಕುಡಿದು ಮಲಗಿದೆ.

ಮರುದಿನ ನಗರದ ಪಶ್ಚಿಮ ಅಂಚಿನ ಶೂಟಿಂಗ್ ರೇಂಜಿಗೆ ಹೋದೆವು. ಮದ್ದಿನ ವಾಸನೆ, ಈಡಿನ ಸದ್ದು ಎಂದೆಲ್ಲ ನಿರೀಕ್ಷಿಸಿದ್ದವನಿಗೆ ಅದು ಗ್ರಂಥಾಲಯದಂತೆ ಕಂಡಿತು. ಉದ್ದನೆಯ ಹಾಲು, ಒಂದೊಂದು ಮೀಟರಿಗೆ ಒಬ್ಬರಂತೆ ನಿಲ್ಲುವ ಸಾಲು, ಆ ಕಡೆ ಪ್ರಖರ ಬೆಳಕಿನಲ್ಲಿ ಎಲೆಕ್ಟ್ರಾನಿಕ್ ಗುರಿಗಳು. ಕೇಳುವುದು 'ಟಪ್, ಟಪ್' ಎಂಬ ಸಣ್ಣ ಸದ್ದು ಮಾತ್ರ, ಹೆಂಚಿನ ಮಾಡಿನ ಮೇಲೆ ಮಳೆಯ ಕೊನೆಯ ಹನಿಗಳು ಬಿದ್ದ ಹಾಗೆ.

ಹೊರಗೆ ಮಾತ್ರ ಯಕ್ಷಗಾನದ ಚೌಕಿ. ಎಲ್ಲರೂ ವೇಷ ಕಟ್ಟುತ್ತಿದ್ದರು. ರೈಫಲ್ ಜಾಕೆಟ್ ಎಂದರೆ ಕ್ಯಾನ್ವಾಸು, ಚರ್ಮ ಸೇರಿಸಿ ಹೊಲಿದ ಕವಚ. ನೆಲಕ್ಕಿಟ್ಟರೆ ತಾನೇ ನಿಲ್ಲುತ್ತದೆ. ಅದರ ಪ್ಯಾಂಟಿನಲ್ಲಿ ಮಂಡಿ ಸುಲಭಕ್ಕೆ ಮಡಿಯದು. ಚಪ್ಪಟೆ ಅಟ್ಟೆಯ ಬೂಟು ಬೇರೆ. ಇಷ್ಟೆಲ್ಲ ತೊಟ್ಟವರು ನಡೆಯುವುದು ಥೇಟು ಬಾತುಕೋಳಿಯಂತೆ. ಬಟ್ಟೆ ಎಷ್ಟು ದಪ್ಪ, ಎಷ್ಟು ಬಿರುಸು ಇರಬಹುದೆಂಬುದಕ್ಕೂ ನಿಯಮವಿದೆ. ಪರೀಕ್ಷಾ ಮೇಜಿನಲ್ಲಿ ಉಪಕರಣವೊಂದನ್ನು ಒತ್ತಿ ಅಳೆಯುತ್ತಾರೆ. ಬಟ್ಟೆ ಸಾಕಷ್ಟು ಬಗ್ಗದಿದ್ದರೆ ಜಾಕೆಟ್ ಹೊರಗೆ. ರೈಫಲ್ಲಿನ ತೂಕ ಐದೂವರೆ ಕಿಲೊ ಮೀರುವಂತಿಲ್ಲ. ಕ್ಲಬ್ಬಿನಿಂದ ಎರವಲು ತಂದ ನನ್ನ ಜಾಕೆಟ್ ಪರೀಕ್ಷೆಯಲ್ಲಿ ಗೆದ್ದಿತು, ಹೊಟ್ಟೆಯ ಬಳಿಯ ಗುಂಡಿ ಮಾತ್ರ ಕೊನೆಯವರೆಗೂ ನನ್ನೊಡನೆ ಜಗಳವಾಡಿತು.

ಪಿಸ್ತೂಲಿನವರಿಗೆ ಈ ವೇಷವಿಲ್ಲ. ಒಂದೇ ಕೈಯಲ್ಲಿ ಹಿಡಿದು, ಇನ್ನೊಂದನ್ನು ಜೇಬಿಗೆ ಸೇರಿಸಿ ನಿಲ್ಲುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಿಶ್ರ ತಂಡದ ಬೆಳ್ಳಿ ಗೆದ್ದ ತುರ್ಕಿಯ ಯೂಸುಫ್ ಡಿಕೆಚ್ ಅವರ ಚಿತ್ರ ನಮ್ಮೂರಿನ ಮೊಬೈಲುಗಳಲ್ಲೂ ಓಡಾಡಿತ್ತು. ಜೇಬಿನಲ್ಲಿ ಕೈ ಇಟ್ಟೇ ಪದಕ ಹೊಡೆದ ಎಂದು ಎಲ್ಲರಿಗೂ ಬೆರಗು. ಇಲ್ಲಿ ನೋಡಿದರೆ ಹನ್ನೆರಡು ವರ್ಷದ ಪೋರರೂ ಹಾಗೆಯೇ ನಿಂತಿದ್ದರು.

ಬೆಂಗಳೂರಿನ ಪಿಸ್ತೂಲಿಗೆ ದೊಡ್ಡ ಹೆಸರೂ ಇದೆ. ಇಲ್ಲಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಸ್ಪೇನಿನ ವಿಶ್ವಕಪ್ ಸಮಯದಲ್ಲಿ ಮುಖದ ಪಾರ್ಶ್ವವಾಯು ಬಡಿಯಿತು. ಕಣ್ಣನ್ನೇ ನಂಬಿದ ಆಟದಲ್ಲಿ ಮುಖದ ಒಂದು ಭಾಗವೇ ಮಾತು ಕೇಳದಿದ್ದರೆ ಏನು ಗತಿ? ಮರುವರ್ಷ ಅವರು ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಹತ್ತು ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸಿಗೂ ಹೋದರು. ಚೌಕಿಯಲ್ಲಿ ತರಬೇತುದಾರರೊಬ್ಬರು ತಮ್ಮ ಶಿಷ್ಯರಿಗೆ ಇದನ್ನು ಹೇಳುತ್ತಿದ್ದಾಗ ನಾನು ಹೊಟ್ಟೆಯ ಗುಂಡಿಯ ಬಗ್ಗೆ ಗೊಣಗುವುದನ್ನು ನಿಲ್ಲಿಸಿದೆ.

ಹುಡುಗಿಯ ಸರದಿ ಮೊದಲು. ಅವಳು 621.4 ಹೊಡೆದಳು. ಹತ್ತು ಗುಂಡಿಗೊಂದರಂತೆ ಆರು ಸರಣಿ, ಅರವತ್ತು ಗುಂಡು; ಒಂದೊಂದಕ್ಕೆ ಹೆಚ್ಚೆಂದರೆ 10.9, ಪೂರ್ಣ ಅಂಕ 654. ಹೊರಬಂದವಳ ಮುಖ ಸಪ್ಪಗಿತ್ತು. 'ಎರಡನೇ ಸರಣಿ ಕೈಕೊಟ್ಟಿತು' ಎಂದಳು. ನನಗೆ ಅವಳ ಎರಡನೇ ಸರಣಿಯನ್ನೇ ಯಾರಾದರೂ ಸಾಲ ಕೊಟ್ಟಿದ್ದರೆ ಸಾಕಿತ್ತು.

ನಂತರ ನಡುವಯಸ್ಸಿನವರ ಸರದಿ. ಹದಿನೈದು ನಿಮಿಷ ಸಿದ್ಧತೆಗೆ ಮತ್ತು ಪರೀಕ್ಷಾರ್ಥ ಗುಂಡುಗಳಿಗೆ, ಬಳಿಕ ಎಪ್ಪತ್ತೈದು ನಿಮಿಷದಲ್ಲಿ ಅರವತ್ತು ಗುಂಡು. ನಳಿಗೆಯಲ್ಲಿ ತೂರಿಸಿದ್ದ ಕಿತ್ತಳೆ ಬಣ್ಣದ ಸುರಕ್ಷಾ ದಾರ ಎಳೆದು ತೆಗೆದೆ. ನಿಲ್ಲುವ ಕ್ರಮವೇ ಒಂದು ವಿದ್ಯೆ. ಎಡ ಮೊಣಕೈಯನ್ನು ಸೊಂಟದ ಎಲುಬಿನ ಮೇಲೆ ಕೂರಿಸಬೇಕು. ರೈಫಲ್ಲಿನ ಭಾರ ಸ್ನಾಯುವಿನ ಮೇಲೆ ಬೀಳದೆ ಎಲುಬಿನ ಮೂಲಕ ನೆಲಕ್ಕಿಳಿಯಬೇಕು. ಬಳಿಕ ಕಣ್ಣು ಮುಚ್ಚಿ, ಮೈ ಸಡಿಲಿಸಿ, ಕಣ್ಣು ತೆರೆದರೆ ನಳಿಗೆ ತಾನಾಗಿ ಎಲ್ಲಿಗೆ ತಿರುಗಿದೆಯೋ ಅದೇ ದೇಹದ ಗುರಿ. ಅದು ಪಕ್ಕಕ್ಕಿದ್ದರೆ ಕೈಯಿಂದ ಎಳೆಯಬಾರದು, ಪಾದವನ್ನು ಕೂದಲೆಳೆಯಷ್ಟು ಸರಿಸಬೇಕು. ಹಿಂದಿನ ತೂತಿನಲ್ಲಿ ಕಣ್ಣಿಟ್ಟರೆ ಮುಂದಿನ ಬಳೆ, ಬಳೆಯೊಳಗೆ ಕಪ್ಪು ಚುಕ್ಕೆ. ಹತ್ತರ ಬೊಟ್ಟು ಕಾಣುವುದೇ ಇಲ್ಲ. ಬಳೆಯೊಳಗೆ ಕಪ್ಪನ್ನು ಸಮನಾಗಿ ಕೂರಿಸಿ, ಕಾಣದ್ದಕ್ಕೆ ಹೊಡೆಯಬೇಕು. ಗುಂಡು ಹೋದ ಮೇಲೂ ಒಂದು ಕ್ಷಣ ಹಾಗೆಯೇ ನೋಡುತ್ತಿರಬೇಕು. ನಾನೋ ಆಕಾಶಕ್ಕೆ ಈಡು ಹೊಡೆದು ಮಂಗ ಓಡಿತೇ ಎಂದು ತಿರುಗಿ ನೋಡುವ ಜಾತಿಯವನು.

ಮೊದಲ ಸರಣಿ 89.4, ಎರಡನೆಯದು 91.2, ಮೂರನೆಯದು 90.8. ನನ್ನ ಮಟ್ಟಕ್ಕೆ ಹಬ್ಬ. ಬೆನ್ನು ಹಿಡಿದುಕೊಂಡಿದ್ದರಿಂದ ರೈಫಲ್ಲನ್ನು ಸ್ಟ್ಯಾಂಡಿನ ಮೇಲಿಟ್ಟು ಎರಡು ನಿಮಿಷ ಕುಳಿತೆ, ನೀರು ಕುಡಿದೆ. ಎದ್ದು ಬಂದು ಪಾದ ಊರಿದೆ. ಕಣ್ಣು ಮುಚ್ಚಿ ತೆರೆಯುವ ಶಾಸ್ತ್ರವನ್ನು ಬಿಟ್ಟೆ. ಬಳೆಯೊಳಗೆ ಕಪ್ಪು ಚುಕ್ಕೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಎದೆಬಡಿತವೂ ನಿಂತು ದಾರಿ ಬಿಟ್ಟ ಹಾಗಿತ್ತು. ಟಪ್. ಎರಡು ತಿಂಗಳಲ್ಲಿ ಅಂಥದೊಂದು ಗುಂಡು ನನ್ನ ಕೈಯಿಂದ ಹೊರಟಿರಲಿಲ್ಲ.

ನನ್ನ ಪರದೆ ಖಾಲಿ.

ಪಕ್ಕದಲ್ಲಿ ನಿಂತಿದ್ದ ಬಿಳಿ ಮೀಸೆಯ ಹಿರಿಯರು ತಮ್ಮ ಪರದೆ ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಕೈ ಎತ್ತಿದರು. ಅಧಿಕಾರಿ ಬಂದು ಎರಡೂ ಪರದೆ ನೋಡಿದರು. ಆ ತೂತಿನಿಂದ ನೋಡುವಾಗ ಎಲ್ಲ ಗುರಿಗಳೂ ಒಂದೇ ತರ; ತಲೆಯ ಮೇಲಿನ ಸಂಖ್ಯೆ ಕಾಣದು. ನಾನು ಅವರ ಗುರಿಗೆ ಹೊಡೆದಿದ್ದೆ. ನಿಯಮ ಸರಳ: ಅವರ ಲೆಕ್ಕದಿಂದ ಆ ಗುಂಡನ್ನು ತೆಗೆಯುತ್ತಾರೆ, ನನ್ನ ಲೆಕ್ಕಕ್ಕೆ ಸೊನ್ನೆ. ಆ ಸರಣಿ 83.1ಕ್ಕೆ ಮುಗಿಯಿತು. ಉಳಿದ ಎರಡರಲ್ಲಿ 92.0, 91.7. ಒಟ್ಟು 538.2. ಪಟ್ಟಿಯಲ್ಲಿ ನನ್ನ ಕೆಳಗೆ ಇನ್ನೂ ಇಬ್ಬರಿದ್ದರು. ಅವರಲ್ಲೊಬ್ಬರು ಜ್ವರದಲ್ಲೇ ಬಂದಿದ್ದರಂತೆ.

ಹೊರಗೆ ಜಾಕೆಟ್ ಬಿಚ್ಚಿ ಕ್ಷಮೆ ಕೇಳಲು ಹೋದರೆ ಮೀಸೆಯವರು ನನ್ನ ಕೈ ಹಿಡಿದು ನಗತೊಡಗಿದರು.

'ಎಷ್ಟಿತ್ತು ಗೊತ್ತೇ ಅದು? ಹತ್ತು ಪಾಯಿಂಟ್ ಎಂಟು. ನನಗೆ ಇವತ್ತಿಡೀ ಅಂಥದು ಬೀಳಲಿಲ್ಲ. ಅಳಿಸುವಾಗ ಹೊಟ್ಟೆ ಉರಿಯಿತು ಸ್ವಾಮಿ.'

2008ರ ಬೀಜಿಂಗ್ ಒಲಿಂಪಿಕ್ಸ್‌ನ ಏರ್ ರೈಫಲ್ಲಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಾಗ ಅವರ ಕೊನೆಯ ಗುಂಡು ಕೂಡ 10.8. ಇದನ್ನು ಹುಡುಗಿಗೆ ಹೇಳಿದೆ. 'ಅವರು ತಮ್ಮ ಗುರಿಗೇ ಹೊಡೆದಿದ್ದರು ಮಾವ' ಎಂದಳು.

ಮೂವರೂ ಹತ್ತಿರದ ದರ್ಶಿನಿಗೆ ಹೋಗಿ ನಿಂತುಕೊಂಡೇ ತಟ್ಟೆ ಇಡ್ಲಿ ತಿಂದು ಕಾಫಿ ಕುಡಿದೆವು. ಹಿರಿಯರು ಬೈಟು ಎಂದರು; ನಾನು ಒಪ್ಪದೆ ಪೂರ್ತಿ ಲೋಟ ತೆಗೆದುಕೊಂಡೆ. ಬೆಂಗಳೂರಿನ ಕಾಫಿಯಲ್ಲಿ ಚಿಕೋರಿ ಕಾಲುಪಾಲಾದರೂ ಇರುತ್ತದೆಂದು ನಾಲಗೆ ಹೇಳುತ್ತದೆ, ಬೇರೆ ದಿನವಾಗಿದ್ದರೆ ಅದರ ಮೇಲೆ ಅರ್ಧ ಗಂಟೆ ಭಾಷಣ ಮಾಡುತ್ತಿದ್ದೆ. ಅಂದು ಎರಡನೇ ಲೋಟವನ್ನೂ ಕುಡಿದೆ. ರೈಫಲ್ ವಾಪಸು ಕೊಡಲು ಹೊರಟಾಗ ಕ್ಲಬ್ಬಿನ ತರಬೇತುದಾರರು ಬೇಡವೆಂದರು. ಮಳೆಗಾಲ ಮುಗಿಯುವವರೆಗೆ ಗೋದಾಮಿನಲ್ಲೇ ಇರಲಿ, ಎದ್ದು ನಿಂತಾಗಲೆಲ್ಲ ಕಣ್ಣು ಮುಚ್ಚಿ ತೆರೆಯಿರಿ ಎಂದರು.

ರಾತ್ರಿ ಹತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಹೆಂಡತಿಯ ಫೋನು. 'ಏನಾಯಿತು?' ಎಂದಳು. ಒಂದು ಹತ್ತು ಪಾಯಿಂಟ್ ಎಂಟು ಬಿತ್ತು ಎಂದೆ. ಅವಳು ಸಂತೋಷಪಟ್ಟಳು. ಯಾರ ಗುರಿಯಲ್ಲಿ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೇರೆ ಕಂಡಕ್ಟರ್, ಅದೇ ಪ್ರಶ್ನೆ. 'ಇದರಲ್ಲೇನಿದೆ ಸಾರ್?'

'ಕೀಬೋರ್ಡ್' ಎಂದೆ.

'ಹಾಗಾದರೆ ಕೆಳಗೆ ತಳ್ಳಬೇಡಿ, ಒಡೆದುಹೋದೀತು' ಎಂದು ಅವರೇ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ತಮ್ಮ ಪಕ್ಕದ ಖಾಲಿ ಸೀಟಿನ ಮೇಲೆ ಮೆಲ್ಲಗೆ ಮಲಗಿಸಿದರು.