ಕುಬಸದ ಸೀರೆ ಹುಡುಕಿಕೊಂಡು

ನಮ್ಮ ಕಡೆ ಸೀಮಂತಕ್ಕೆ ಕುಬಸ ಎನ್ನುತ್ತೇವೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಖಣ ಕೊಟ್ಟು ಉಡಿ ತುಂಬುವ ಆ ಕಾರ್ಯದಲ್ಲಿ ಬಂದ ಹೆಂಗಸರ ಕಣ್ಣು ಮೊದಲು ಬೀಳುವುದು ಸೀರೆಯ ಮೇಲೆ. ಎರಡು ವರ್ಷದ ಹಿಂದೆ ಅಕ್ಕನ ಮಗಳ ಕುಬಸಕ್ಕೆಂದು ನಾನು ಅಂಗಡಿಯೊಂದರಲ್ಲಿ ‘ಪಕ್ಕಾ ಕೈಮಗ್ಗದ್ದು’ ಎಂಬ ಮಾತನ್ನು ನಂಬಿ ಇಳಕಲ್ಲ ಸೀರೆಯೊಂದನ್ನು ತಂದಿದ್ದೆ. ನಮ್ಮ ದೊಡ್ಡವ್ವ ಅದನ್ನು ಕೈಗೆತ್ತಿಕೊಂಡು, ಒಡಲನ್ನು ನೋಡದೆ, ಅಂಚಿನ ದಡಿಯನ್ನೂ ನೋಡದೆ, ನೇರವಾಗಿ ಸೆರಗು ಕೂಡುವ ಜಾಗವನ್ನು ಹುಡುಕಿ, ತಿರುವಿ ಹಿಡಿದು, ಹೆಬ್ಬೆರಳಿನಿಂದ ಒಮ್ಮೆ ಸವರಿ, ಏನೂ ಹೇಳದೆ ಮಡಚಿಟ್ಟಳು. ಬೈದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಮೊದಲ ಒಗೆತಕ್ಕೇ ಸೆರಗಿನ ಕೆಂಪು ಬಿಟ್ಟು ಬಿಳಿ ತೆನೆಗಳೆಲ್ಲ ಗುಲಾಬಿಯಾದವು.

ಈ ಸಲ ಅಣ್ಣನ ಮಗಳ ಕುಬಸ. ವೈನಿಯವರ ತವರು ಬಾಗಲಕೋಟೆ. “ಧಾರವಾಡದಾಗ ತಗೊಳ್ಳೂದ ಬ್ಯಾಡ, ಹುಟ್ಟಿದ ಊರಿಗೇ ಹೋಗಿ ತರೂಣು” ಎಂದು ಅವರು ತೀರ್ಮಾನ ಕೊಟ್ಟ ಮೇಲೆ ಡಿಸೆಂಬರಿನ ಒಂದು ನಸುಕಿನಲ್ಲಿ ನಾವಿಬ್ಬರೂ ಕೈಚೀಲ, ನೀರಿನ ಬಾಟಲಿ ಮತ್ತು ಉದ್ದನೆಯ ಒಂದು ಪಟ್ಟಿಯೊಂದಿಗೆ ಬಸ್ ಹತ್ತಿದೆವು. ನವಲಗುಂದ, ನರಗುಂದಗಳ ಕರಿಮಣ್ಣಿನ ಬಯಲಿನಲ್ಲಿ ಕಡಲೆ, ಜೋಳ ಮತ್ತು ಕುಸುಬಿ ನಿಂತಿದ್ದವು. ಕೆರೂರು ದಾಟುವ ಹೊತ್ತಿಗೆ ಬಿಸಿಲು ಏರಿತ್ತು.

ಬಾಗಲಕೋಟೆಯಲ್ಲಿ ವೈನಿ ನನಗೆ ಮೊದಲು ತೋರಿಸಿದ್ದು ಪೇಟೆಯನ್ನಲ್ಲ, ನೀರನ್ನು. ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸುವುದೆಂದಾದಾಗ ಹಳೆ ಊರಿನ ತಗ್ಗಿನ ಓಣಿಗಳೆಲ್ಲ ಹಿನ್ನೀರಿಗೆ ಹೋದವು. ಅವರ ತಂದೆಯ ಕಿರಾಣಿ ಅಂಗಡಿ ಇದ್ದ ಓಣಿಯೂ ಅದರಲ್ಲಿ ಹೋಯಿತು. ಊರಿನವರಿಗಾಗಿ ಕಟ್ಟಿದ ನವನಗರದಲ್ಲಿ ರಸ್ತೆಗಳು ಅಗಲವಾಗಿವೆ, ಸೆಕ್ಟರಿಗೊಂದು ಸಂಖ್ಯೆಯಿದೆ, ಎಲ್ಲವೂ ಅಳೆದು ಇಟ್ಟಂತಿದೆ. ಆದರೆ ಪೇಟೆ ಎನ್ನುವುದು ಅಳೆದು ಇಟ್ಟಲ್ಲಿ ಕೂಡಲೇ ಬೇರು ಬಿಡುವ ವಸ್ತುವಲ್ಲ. ಬಳೆ, ಕುಂಕುಮ, ಬುತ್ತಿಯ ಸಾಮಾನು ಬೇಕೆಂದರೆ ವೈನಿಯ ಕಾಲು ಇಂದಿಗೂ ಹಳೆ ಊರಿನ ಕಡೆಗೇ ತಿರುಗುತ್ತದೆ. ಅಲ್ಲಿ ಉಳಿದ ಎತ್ತರದ ಓಣಿಗಳಲ್ಲಿ ಬಳೆಗಾರರು, ತಾಮ್ರ-ಹಿತ್ತಾಳೆಯ ಅಂಗಡಿಗಳು, ಬಿದಿರಿನ ಮೊರ ಬುಟ್ಟಿಗಳನ್ನು ಹರಡಿಕೊಂಡ ಮೇದಾರರು ಒಬ್ಬರಿಗೊಬ್ಬರು ಭುಜ ತಾಗಿಸಿಕೊಂಡಂತೆ ಕುಳಿತಿದ್ದರು.

ಬುತ್ತಿಗೆ ಖಡಕ್ ರೊಟ್ಟಿ ಬೇಕಿತ್ತು. ಮನೆಯಲ್ಲಿ ನೂರಾರು ರೊಟ್ಟಿ ಬಡಿಯುವ ರಟ್ಟೆಗಳು ಈಗ ಯಾರಿಗೂ ಇಲ್ಲ, ಆದ್ದರಿಂದ ಕೊಂಡು ತರುವುದರಲ್ಲಿ ಅವಮಾನವೂ ಉಳಿದಿಲ್ಲ. ಬಿಳಿ ಬಟ್ಟೆ ಹೊದಿಸಿದ ಬುಟ್ಟಿಯ ಮುಂದೆ ಕುಳಿತ ಹೆಂಗಸು ಎರಡು ರಾಶಿಗಳನ್ನು ತೋರಿಸಿ ಎರಡು ದರ ಹೇಳಿದರು. ಒಂದು ರಾಶಿಯ ರೊಟ್ಟಿಗಳೆಲ್ಲ ಅಚ್ಚು ಹಾಕಿದಂತೆ ದುಂಡಗಿದ್ದವು. ಇನ್ನೊಂದರವು ಒಂದೊಂದು ಒಂದೊಂದು ಆಕಾರದವು, ಅಂಚು ತೆಳ್ಳಗಾಗಿ ಅಲ್ಲಲ್ಲಿ ಸೀಳಿದ್ದವು. ವೈನಿ ಎರಡನೆಯ ರಾಶಿಯಿಂದ ಒಂದನ್ನೆತ್ತಿ ಬೆಳಕಿಗೆ ಹಿಡಿದರು. ಹಿಟ್ಟಿನ ಮೇಲೆ ಬೆರಳುಗಳು ಬಡಿದ ಗುರುತು ನೆರಳಿನಂತೆ ಕಾಣುತ್ತಿತ್ತು. “ಇದು ಬಡದ ರೊಟ್ಟಿ ಐತಿ, ಅದು ಮಶೀನಿಂದು” ಎಂದು ಮಾರುವವರೇ ಒಪ್ಪಿಕೊಂಡರು. ಬಡಿದದ್ದರಲ್ಲಿ ನೂರನ್ನು ಕಟ್ಟಿಸಿ, ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿಗಳನ್ನೂ ತೂಗಿಸಿದೆವು. ಗುರೆಳ್ಳು ಚಟ್ನಿಯನ್ನು ಅಂಗೈಗೆ ಹಾಕಿ ರುಚಿ ತೋರಿಸುವ ಪದ್ಧತಿ ಇನ್ನೂ ಇದೆ. ಮೂರು ಕಡೆ ರುಚಿ ನೋಡಿ ಮೊದಲನೆಯ ಕಡೆಗೇ ಮರಳಿದೆವು.

ಮಧ್ಯಾಹ್ನ ಗುಳೇದಗುಡ್ಡಕ್ಕೆ ಹೋದೆವು. ಬಂಡೆಗುಡ್ಡಗಳು ಮೂರು ಕಡೆಯಿಂದ ಒತ್ತಿಕೊಂಡಂತೆ ಕಾಣುವ ಈ ಊರಿನ ಖಣ ಮಹಾರಾಷ್ಟ್ರದವರೆಗೂ ಹೆಸರಾದದ್ದು. ಖಣವೆಂದರೆ ಒಂದು ಕುಬಸಕ್ಕೆ ಸಾಕಾಗುವಷ್ಟು ಬಟ್ಟೆ. ಕುಬಸವೆಂದರೆ ರವಿಕೆಯೂ ಹೌದು, ನಾವು ಹೊರಟ ಕಾರ್ಯವೂ ಹೌದು. ಒಂದು ತುಣುಕು ಬಟ್ಟೆಯ ಹೆಸರು ಇಡೀ ಸಂಸ್ಕಾರಕ್ಕೆ ಅಂಟಿಕೊಂಡದ್ದನ್ನು ನೋಡಿದರೆ, ಆ ಬಟ್ಟೆಗೆ ಒಂದು ಕಾಲದಲ್ಲಿ ಎಂಥ ಬೆಲೆ ಇದ್ದಿರಬೇಕೆಂದು ಊಹಿಸಬಹುದು. ಅಂಗಡಿಯಾತ ಗಾದಿಯ ಮೇಲೆ ನಮ್ಮನ್ನು ಕೂಡಿಸಿ, ಹಾಫ್ ಚಹಾ ತರಿಸಿ, ತ್ರಿಕೋನಾಕಾರದಲ್ಲಿ ಮಡಚಿದ ಖಣಗಳನ್ನು ಒಂದೊಂದಾಗಿ ಬಿಚ್ಚಿ ಹಾಕತೊಡಗಿದರು. ತೇರು, ತುಳಸಿ, ಸೂರ್ಯನಾರಾಯಣ ಎಂದು ಪ್ರತಿಯೊಂದು ಬುಟ್ಟಾಕ್ಕೂ ಹೆಸರಿದೆ. ರೇಷ್ಮೆಯ ಎಳೆ ಬೆಳಕಿಗೆ ತಿರುಗಿದಾಗ ಕಡು ನೇರಳೆಯ ಖಣ ಒಮ್ಮೆ ನೇರಳೆಯಾಗಿಯೂ ಒಮ್ಮೆ ಕೆಂಪಾಗಿಯೂ ತೋರುತ್ತದೆ.

ಅದೇ ಅಂಗಡಿಯ ಇನ್ನೊಂದು ಗೋಡೆಯ ತುಂಬ ಖಣದ ಬಟ್ಟೆಯ ಮೊಬೈಲ್ ಚೀಲ, ತೋರಣ, ಟೋಪಿ, ಮಕ್ಕಳ ಲಂಗ, ಪೂರ್ತಿ ಸೀರೆ ಕೂಡ ಇದ್ದವು. ನನಗೆ ಅವು ಸ್ವಲ್ಪ ಅತಿಯಾದವು ಎನಿಸಿದರೂ, ದೇವಿಯ ಉಡಿ ತುಂಬುವುದಕ್ಕಷ್ಟೇ ಖಣ ಮೀಸಲಾಗಿದ್ದರೆ ಎಷ್ಟು ಮಗ್ಗಗಳು ನಡೆದಾವು ಎಂಬ ಅಂಗಡಿಯಾತನ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲಿಯೂ ಕೈಮಗ್ಗದ್ದು ಬೇರೆ ಕಪಾಟಿನಲ್ಲಿ, ಪಾವರ್‌ಲೂಮಿನದು ಬೇರೆ ಕಪಾಟಿನಲ್ಲಿ. ಕೇಳಿದವರಿಗೆ ಮಾತ್ರ ಮೊದಲನೆಯ ಕಪಾಟು ತೆರೆಯುತ್ತದೆ. ನಾವು ತೇರಿನ ಬುಟ್ಟಾದ ಹಸಿರು ಖಣ ಐದನ್ನು ಆರಿಸಿದೆವು. ಆತ ಅವನ್ನು ಮತ್ತೆ ತ್ರಿಕೋನವಾಗಿ ಮಡಚಿದ ವೇಗವನ್ನು ನೋಡುವುದಕ್ಕಾಗಿಯೇ ನಾನು ಇನ್ನೊಂದು ಕೊಂಡೆನೆಂದರೆ ಸುಳ್ಳಲ್ಲ.

ಮರುದಿನ ಇಳಕಲ್ಲ ದಾರಿ. ಕಮತಗಿ ದಾಟಿ ಅಮೀನಗಡದಲ್ಲಿ ಇಳಿದದ್ದು ಕರದಂಟಿಗಾಗಿ. ಅಲ್ಲಿ ರಸ್ತೆಯ ಎರಡೂ ಬದಿಗೆ ಕರದಂಟಿನ ಅಂಗಡಿಗಳಿವೆ, ಪ್ರತಿಯೊಂದೂ ತಾನೇ ಅಸಲಿ ಎಂದು ಫಲಕ ಹಾಕಿಕೊಂಡಿದೆ. ಕರಿದ ಅಂಟೇ ಕರದಂಟು. ಮರದ ತೊಗಟೆಯಿಂದ ಒಸರಿ ಗಟ್ಟಿಯಾದ ಅಂಟಿನ ಹರಳುಗಳನ್ನು ತುಪ್ಪದಲ್ಲಿ ಕರಿದರೆ ಅವು ಚುರುಮುರಿಯಂತೆ ಅರಳುತ್ತವೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಗೋಡಂಬಿ, ಗಸಗಸೆ, ಏಲಕ್ಕಿ ಸೇರಿಸಿ ಬೆಲ್ಲದ ಪಾಕದಲ್ಲಿ ಕೂಡಿಸುತ್ತಾರೆ. ಬಾಣಂತಿಯ ಸೊಂಟ ಗಟ್ಟಿಯಾಗಲೆಂದು ಕೊಡುವ ಅಂಟಿನುಂಡೆಯ ಅಣ್ಣನೋ ತಮ್ಮನೋ ಇದು. ಬೆಳಗಾವಿ ಜಿಲ್ಲೆಯ ಗೋಕಾಕಿನವರು ಕರದಂಟು ತಮ್ಮದು ಎನ್ನುತ್ತಾರೆ. ಆ ವ್ಯಾಜ್ಯದಲ್ಲಿ ವೈನಿ ಅಮೀನಗಡದ ಪಕ್ಷ, ನಾನು ಎರಡೂ ಕಡೆಯದನ್ನು ತಿನ್ನುವ ಪಕ್ಷ. ತಟ್ಟೆಯಲ್ಲಿ ಇನ್ನೂ ಬೆಚ್ಚಗಿದ್ದ ಕರದಂಟನ್ನು ಹುಡುಗನೊಬ್ಬ ಚೌಕವಾಗಿ ಕತ್ತರಿಸುತ್ತಿದ್ದ. ಮೂಲೆಯ ಚೂರು ನನಗೆ ಸಿಕ್ಕಿತು. ಎರಡು ಕಿಲೋ ಕಟ್ಟಿಸಿದೆವು.

ಇಳಕಲ್ಲಿಗೆ ಮುಟ್ಟಿದ ಮೇಲೆ ಪೇಟೆಯ ಅಂಗಡಿಗಳಲ್ಲಿ ಎರಡು ತಾಸು ಕಳೆದರೂ ವೈನಿಗೆ ಸಮಾಧಾನವಾಗಲಿಲ್ಲ. ಚಿಕ್ಕಿ ದಡಿ, ಗೋಮಿ ದಡಿ, ಗಾಡಿ ದಡಿ, ಹತ್ತಿ, ರೇಷ್ಮೆ, ಮಿನುಗುವ ಕೃತಕ ರೇಷ್ಮೆಯ ಚಮಕಾ ಎಲ್ಲವೂ ಬಂದವು. ಸೆರಗು ತಿರುವಿದಾಗಲೆಲ್ಲ ಅವರು ತಲೆಯಲ್ಲಾಡಿಸುತ್ತಿದ್ದರು. ಕೊನೆಗೆ ಅವರ ತವರಿನ ಪರಿಚಯದವರೊಬ್ಬರು ಹಿಂದಿನ ಓಣಿಯ ನೇಕಾರರ ಮನೆಗೆ ದಾರಿ ತೋರಿಸಿದರು.

ತಲೆಬಾಗಿಲು ದಾಟಿದೊಡನೆಯೇ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ ಅರವತ್ತು ದಾಟಿದ ಕಾಕಾ, ನಮ್ಮನ್ನು ಕಂಡರೂ ಕೈ ನಿಲ್ಲಿಸದೆ, “ಕೂಡ್ರಿ ಅಕ್ಕಾರ, ಇದೊಂದ ಕೊಂಡಿ ಮುಗಸತೀನಿ” ಎಂದರು. ನಮ್ಮ ಅದೃಷ್ಟವೆಂದೇ ಹೇಳಬೇಕು, ಆ ಹೊತ್ತಿಗೆ ಅವರು ಒಡಲಿಗೆ ಸೆರಗು ಕೂಡಿಸುತ್ತಿದ್ದರು. ದೊಡ್ಡವ್ವನ ಹೆಬ್ಬೆರಳು ಹುಡುಕುತ್ತಿದ್ದದ್ದು ಏನನ್ನು ಎಂಬುದು ನನಗೆ ತಿಳಿದದ್ದು ಅಲ್ಲಿ.

ಇಳಕಲ್ಲ ಸೀರೆಯಲ್ಲಿ ಹಾಸು, ಎಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳು, ಒಡಲಿನದು ಬೇರೆ, ಸೆರಗಿನದು ಬೇರೆ. ಒಡಲು ಹತ್ತಿಯದಾದರೂ ಸೆರಗಿಗೆ ಕೆಂಪು ರೇಷ್ಮೆಯೇ ಬೇಕು. ಒಡಲಿನ ಹಾಸಿನ ಪ್ರತಿಯೊಂದು ಎಳೆಯ ತುದಿಯ ಕುಣಿಕೆಗೆ ಸೆರಗಿನ ರೇಷ್ಮೆ ಎಳೆಯ ಕುಣಿಕೆಯನ್ನು ಸಿಲುಕಿಸಿ, ಎರಡನ್ನೂ ಬಿಗಿದು, ಮೇಲೆ ಅಡ್ಡ ಎಳೆಯಾದ ಹೊಕ್ಕು ಹಾಯಿಸಿ ಭದ್ರಪಡಿಸಬೇಕು. ಇದೇ ಕೊಂಡಿ. ಹೀಗೆ ಸಾವಿರಾರು ಕುಣಿಕೆಗಳು ಕೂಡಿದ ಮೇಲೆ ಕೆಂಪು ನೆಲದ ಮೇಲೆ ಜೋಳದ ತೆನೆಗಳಂಥ ಬಿಳಿ ಸಾಲುಗಳು ಏಳುವ ತೆನಿ ಸೆರಗು ನೇಯಲಾಗುತ್ತದೆ. ಸೆರಗಿನ ಹಾಸನ್ನು ಪ್ರತಿ ಸೀರೆಗೂ ಹೊಸದಾಗಿ ಕೂಡಿಸಬೇಕಾದ್ದರಿಂದ, ಹತ್ತು ಸೀರೆಯ ಹಾಸನ್ನು ಒಮ್ಮೆಲೇ ಸುತ್ತಿಟ್ಟು ನೇಯುತ್ತ ಹೋಗುವ ಅನುಕೂಲ ಇಲ್ಲಿಲ್ಲ. ಆರು ಗಜದ್ದೋ ಎಂಟು ಗಜದ್ದೋ ಒಂಬತ್ತು ಗಜದ್ದೋ, ಒಂದು ಸಲದ ಹಾಸಿಗೆ ಒಂದೇ ಸೀರೆ. ಪಾವರ್‌ಲೂಮಿನಲ್ಲಿ ಒಡಲಿನ ಹಾಸೇ ಸೆರಗಿನವರೆಗೂ ಹರಿದುಬರುತ್ತದೆ. ಆದ್ದರಿಂದ ಹಸಿರು ಸೀರೆಯ ಸೆರಗಿನ ಕೆಂಪಿನಲ್ಲಿ ಹಸಿರು ಎಳೆ ಅಡಗಿರುತ್ತದೆ, ಬಣ್ಣ ಮಂಕಾಗುತ್ತದೆ, ತಿರುವಿದರೆ ಕೊಂಡಿಯ ಗೆರೆ ಸಿಗುವುದಿಲ್ಲ. ಎರಡು ವರ್ಷದ ಹಿಂದೆ ಇಷ್ಟು ಗೊತ್ತಿದ್ದರೆ ನನ್ನ ರೊಕ್ಕ ಉಳಿಯುತ್ತಿತ್ತು.

ಕಾಕಾ ಕತ್ತು ಬಗ್ಗಿಸಿ ಕುಣಿಕೆಗಳನ್ನು ಕೂಡಿಸುವಾಗ ತುಟಿ ಅಲುಗುತ್ತಿದ್ದವು. ಎಣಿಸುತ್ತಿದ್ದರೋ ದೇವರ ಹೆಸರು ಹೇಳುತ್ತಿದ್ದರೋ ಕೇಳುವ ಧೈರ್ಯವಾಗಲಿಲ್ಲ. ಪಡಸಾಲೆಯ ಇನ್ನೊಂದು ತುದಿಯಲ್ಲಿ ಅವರ ಮನೆಯವರು ರಾಟಿಯ ಮೇಲೆ ಕಂಡಿಕೆ ಸುತ್ತುತ್ತಿದ್ದರು. ಅವರು ಉಟ್ಟಿದ್ದದ್ದು ಹೂವಿನ ಅಚ್ಚಿನ ಸಿಂಥೆಟಿಕ್ ಸೀರೆ. ನಾನು ಅದನ್ನೇ ನೋಡುತ್ತಿರುವುದನ್ನು ಗಮನಿಸಿ, “ಇದು ಲಗೂನ ಒಣಗತೈತ್ರಿ” ಎಂದು ನಕ್ಕರು.

ನೂಲು, ರೇಷ್ಮೆ ಎಲ್ಲ ಸಾವಕಾರರದು, ನೇಯ್ದು ಕೊಟ್ಟರೆ ಮಜೂರಿ ಇವರದು. ಆದ್ದರಿಂದ ಮನೆಯಲ್ಲಿ ಮಾರುವ ಸೀರೆ ಇಲ್ಲವೆಂದೇ ಅವರು ಮೊದಲು ಹೇಳಿದರು. ನಾವು ಏಳುವ ಹೊತ್ತಿಗೆ ಕಾಕಾ ಏನೋ ನೆನಪಾದವರಂತೆ ಟ್ರಂಕಿನಿಂದ ಗಿಣಿ ಹಸಿರಿನ ಒಂದು ಸೀರೆ ತೆಗೆದರು. ಗಾಡಿ ದಡಿ, ಕೆಂಪು ತೆನಿ ಸೆರಗು. ತಾವೇ ಸೆರಗು ತಿರುವಿ, ಕೊಂಡಿಯ ಗೆರೆಯ ಮೇಲೆ ಉಗುರಿಟ್ಟು ತೋರಿಸಿದರು. ಒಂದು ಕಡೆ ಮೂರು ಕುಣಿಕೆ ತಪ್ಪಿ, ಎಳ್ಳಿನಷ್ಟು ಅಗಲದ ಸಂದು ಬಿದ್ದಿತ್ತು.

“ಸಾವಕಾರ್ರು ಹೊಳ್ಳಿ ಕಳಸ್ಯಾರ್ರಿ. ಮಜೂರ್ಯಾಗ ಮುರಕೊಂಡಾರ. ಅವತ್ತ ಕರೆಂಟ್ ಇರಲಿಲ್ಲ, ಕತ್ತಲ್ಯಾಗ ಕೈ ತಪ್ಪಿತು. ನಿಮಗ ಪೂರಾ ರೊಕ್ಕಕ್ಕ ಕೊಡಂಗಿಲ್ಲ.”

ತಪ್ಪನ್ನು ಮೊದಲು ತೋರಿಸಿ ಆಮೇಲೆ ಬೆಲೆ ಹೇಳುವ ವ್ಯಾಪಾರವನ್ನು ನಾನು ಎಂದೂ ಕಂಡಿರಲಿಲ್ಲ. ವೈನಿ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಕುಬಸಕ್ಕೆ ಊನವಿರುವ ಸೀರೆ ಒಯ್ಯುವುದು ಶಕುನಕ್ಕೆ ಹೇಗೋ ಎಂಬ ಅಳುಕು ಇಬ್ಬರಲ್ಲಿಯೂ ಇತ್ತು. ಕಡೆಗೆ ವೈನಿಯೇ, “ಕಾಕಾ, ಪೂರಾ ರೊಕ್ಕನ ತಗೋರಿ, ಬಾಣಂತನ ಮುಗದ ಮ್ಯಾಲೆ ಕೂಸಿನ ಕರಕೊಂಡ ಬಂದ ತೋರಸ್ತೀವಿ” ಎಂದರು. ಕಾಕಾ ಪೂರ್ತಿ ತೆಗೆದುಕೊಳ್ಳಲಿಲ್ಲ. ಸಾಕಷ್ಟು ಹಗ್ಗಜಗ್ಗಾಟವಾಯಿತು, ಕೊಳ್ಳುವವರು ಏರಿಸುವುದು, ಮಾರುವವರು ಇಳಿಸುವುದು. ಮನೆಯವರು ನಡುವೆ ಬಂದು ಅವಲಕ್ಕಿ ಕೊಟ್ಟು ವ್ಯವಹಾರ ಮುಗಿಸಿದರು. ಹೊರಗೆ ಬಂದಾಗ ಓಣಿಯ ಆಚೆ ತುದಿಯಿಂದ ಪಾವರ್‌ಲೂಮಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು; ಕಾಕಾನ ಲಾಳಿಯ ಸದ್ದು ನಾಲ್ಕು ಹೆಜ್ಜೆಗೆ ಅದರಲ್ಲಿ ಮುಳುಗಿಹೋಯಿತು.

ಕುಬಸದ ದಿನ ರೊಟ್ಟಿಗಳಲ್ಲಿ ಕಾಲುಭಾಗ ಬಸ್ಸಿನ ಕುಲುಕಾಟಕ್ಕೆ ಮುರಿದದ್ದು ಗೊತ್ತಾಯಿತು, ಮುರುಕನ್ನು ಮೊಸರಿಗೆ ಹಾಕಿ ತಿಂದೆವು. ಕರದಂಟು ಬಾಣಂತನದವರೆಗೆ ಉಳಿಯಲಿಲ್ಲ. ಸೀರೆಯ ತಟ್ಟೆ ಹೆಂಗಸರ ನಡುವೆ ಕೈಯಿಂದ ಕೈಗೆ ಸಾಗಿ ದೊಡ್ಡವ್ವನ ಮುಂದೆ ಬಂದಾಗ ನಾನು ಆರತಿ ತಟ್ಟೆ ಸರಿಪಡಿಸುವ ನೆವದಲ್ಲಿ ಹತ್ತಿರವೇ ನಿಂತಿದ್ದೆ. ಅವಳು ಎಂದಿನಂತೆ ಒಡಲು ನೋಡಲಿಲ್ಲ, ದಡಿ ನೋಡಲಿಲ್ಲ. ಸೆರಗು ತಿರುವಿ ಹೆಬ್ಬೆರಳನ್ನು ಗೆರೆಯುದ್ದಕ್ಕೂ ನಿಧಾನವಾಗಿ ಸರಿಸುತ್ತ ಬಂದು, ಆ ಎಳ್ಳಿನಷ್ಟು ಸಂದಿನ ಮೇಲೆ ನಿಲ್ಲಿಸಿದಳು. ಕನ್ನಡಕ ಏರಿಸಿಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ಇಲ್ಲಿ ಮೂರ ಎಳಿ ಬಿಟ್ಟಾನ” ಎಂದಳು. ಆಮೇಲೆ ಸೀರೆಯನ್ನು ತಟ್ಟೆಗಿಡದೆ ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡು, “ಯಾವ ಓಣ್ಯಾಗ ತಂದ್ರಿ?” ಎಂದು ಕೇಳಿದಳು.